‘ಕೋಲ್ಸ್ ಟು ನ್ಯೂಕ್ಯಾಸಲ್’ ಅಂದ್ರೆ ಏನು? ಬೀಗರ ಮುಂದೆ ಆಡುವ ಮಾತಾ ಇದು?

ಗಂಗಾವತಿ ಗುಮಾಸ್ತ:

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಬಲ್ಲವರು ಯಾರಾದರೂ ಸ್ವಲ್ಪ ಬಿಡಿಸಿ ಹೇಳಿ. ವಿಷಯ ಸಣ್ಣದು, ಆದರೆ ನಾಲ್ಕು ದಿನದಿಂದ ತಲೆ ಕೊರೀತಾ ಇದೆ.

ಹೋದ ಭಾನುವಾರ ನಮ್ಮ ಮನೆಯಲ್ಲಿ ಮೊಮ್ಮಗಳ ತೊಟ್ಟಿಲು ಕಾರ್ಯ ಇತ್ತು. ಮಗಳನ್ನು ಕೊಟ್ಟಿದ್ದು ನಂಜನಗೂಡಿಗೆ, ಬಾಣಂತನಕ್ಕೆ ಇಲ್ಲೇ ಇದ್ದಾಳೆ. ಬೀಗರು ಮೈಸೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದರು. ಕರ್ಕೊಂಡು ಬರೋಕೆ ನಾನೇ ಹೋಗಿದ್ದೆ. ನೋಡಿದರೆ ಬೀಗರ ಕೈಯಲ್ಲಿ ರಸಬಾಳೆ ಚಿಪ್ಪು, ಬೀಗಿತ್ತಿಯ ಕೈಯಲ್ಲಿ ಮಗುವಿನ ಬಟ್ಟೆ ಗಂಟು, ಅವರ ಹಿಂದೆ ಅಳಿಯ ಹೆಗಲ ಮೇಲೆ ಅಕ್ಕಿ ಚೀಲ ಹೊತ್ತುಕೊಂಡು ಇಳೀತಾ ಇದ್ದಾನೆ. 26 ಕೆಜಿ ಚೀಲ. ರಾತ್ರಿಯೆಲ್ಲ ಸೀಟಿನ ಕೆಳಗೆ ತುರುಕಿಟ್ಟು, ಮಧ್ಯರಾತ್ರಿ ಎದ್ದು ಇದೆಯೋ ಇಲ್ಲವೋ ಅಂತ ಕಾಲಲ್ಲಿ ಮುಟ್ಟಿ ನೋಡಿ ತಂದಿದ್ದಾರೆ. “ಶುಭಕಾರ್ಯಕ್ಕೆ ಬರಿಗೈಲಿ ಬರಬಾರ್ದು ನೋಡಿ, ಒಳ್ಳೆ ಸೋನಾ ಮಸೂರಿ, ಹಳೆ ಅಕ್ಕಿ” ಅಂದರು ಬೀಗರು.

ನಾನು ಏನು ಹೇಳಲಿ? ಇಪ್ಪತ್ತೆರಡು ವರ್ಷದಿಂದ ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯೋನು ನಾನು. ನಮ್ಮ ಮನೆಯಲ್ಲಿ ನೆಂಟರು ಬಂದರೆ ಮಲಗೋಕೆ ಜಾಗ ಸಾಲಲ್ಲ, ಅಕ್ಕಿ ಚೀಲಕ್ಕೆ ಮಾತ್ರ ಯಾವಾಗಲೂ ಜಾಗ ಇರುತ್ತದೆ. ಸುಮ್ನೆ ನಕ್ಕು ಚೀಲ ಗಾಡಿಯಲ್ಲಿ ಹಾಕಿಕೊಂಡು ಬಂದೆ.

ಮನೆಗೆ ಬಂದು ಚೀಲ ಇಳಿಸುತ್ತಿದ್ದ ಹಾಗೆ ನಮ್ಮ ಅಕ್ಕನ ಮಗ, ಬೆಂಗಳೂರಲ್ಲಿ ಕೆಲಸ ಮಾಡೋನು, ಎಲ್ಲರ ಮುಂದೆ “ಮಾಮಾ, ಇದು ಕೋಲ್ಸ್ ಟು ನ್ಯೂಕ್ಯಾಸ್ಟಲ್ ಆತಲ್ಲೋ!” ಅಂದುಬಿಟ್ಟ. ಹುಡುಗರೆಲ್ಲ ಹೋ ಅಂತ ನಕ್ಕರು. ನಾನೂ ನಕ್ಕೆ, ಅರ್ಥ ಆಗಿರಲಿಲ್ಲ. ಬೀಗರೂ ನಕ್ಕರು, ಅವರಿಗೂ ಆಗಿರಲಿಲ್ಲ ಅನ್ಸುತ್ತೆ. ಬೀಗಿತ್ತಿ ಮಾತ್ರ ನಗಲಿಲ್ಲ. ರಾತ್ರಿ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು “ಆ ಹುಡುಗ ನಮ್ಮನ್ನ ಏನಂದ?” ಅಂತ ಕೇಳಿದರಂತೆ. ಇವಳು “ಏನೋ ಸಿನಿಮಾ ಮಾತು ಬಿಡ್ರಿ” ಅಂತ ತೇಲಿಸಿದಳು.

ಮೊಬೈಲಿನಲ್ಲಿ ಹುಡುಕಿದರೆ ‘ನ್ಯೂಕ್ಯಾಸಲ್‌ಗೆ ಕಲ್ಲಿದ್ದಲನ್ನು ಒಯ್ಯುವುದು’ ಅಂತ ಬಂತು. ಅದರಿಂದ ಏನು ತಿಳಿಯಬೇಕು? ಕೆಳಗೆ ಇನ್ನೊಂದು ಕೋಲ್ಸ್ ಇತ್ತು, ‘ಹಾಲ್ ಓವರ್ ದ ಕೋಲ್ಸ್’, ಅದಕ್ಕೆ ಹಿಗ್ಗಾಮುಗ್ಗಾ ಬೈಯುವುದು ಅಂತ ಅರ್ಥ. ಅಲ್ಲಿಗೆ ನನಗೆ ಹೆದರಿಕೆ ಶುರುವಾಯಿತು. ಇದು ಬೈಗುಳವಾ? ಯಾವಾಗ ಬಳಸಬೇಕು, ಯಾರ ಮುಂದೆ ಬಳಸಬಾರದು? ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತು ಯಾವುದು? ಬೀಗರು ಇನ್ನೂ ಇಲ್ಲೇ ಇದ್ದಾರೆ, ಶನಿವಾರ ಹೊರಡುತ್ತಾರೆ. ಅಷ್ಟರೊಳಗೆ ಹೇಳಿದರೆ ಪುಣ್ಯ ಬರುತ್ತದೆ.

ಕುಷ್ಟಗಿ ಮಾಸ್ತರ:

ಗುಮಾಸ್ತರೇ, ಮೊದಲು ನಿಮ್ಮ ಹೆದರಿಕೆ ಬಿಡಿ. ಇದು ಬೈಗುಳ ಅಲ್ಲ. ಎರಡೂ ಮಾತಿನಲ್ಲಿ ‘ಕೋಲ್ಸ್’ ಇದೆ ಅಷ್ಟೇ, ಒಂದಕ್ಕೊಂದು ಸಂಬಂಧವೇ ಇಲ್ಲ. ಬೈಯುವ ಮಾತಿನಲ್ಲಿ ಇರುವುದು ಕೆಂಡ. ಕೆಂಡದ ಮೇಲೆ ಎಳೆದಾಡಿದ ಹಾಗೆ ಬೈದರು ಅಂತ. ನಿಮ್ಮ ಅಕ್ಕನ ಮಗ ಹೇಳಿದ್ದರಲ್ಲಿ ಇರುವುದು ಕಲ್ಲಿದ್ದಲು.

ಅರ್ಥ ಇಷ್ಟೇ: ಒಂದು ವಸ್ತು ಎಲ್ಲಿ ಹೇರಳವಾಗಿ ಸಿಗುತ್ತದೋ, ಆ ಊರಿಗೇ ಅದನ್ನು ಕಷ್ಟಪಟ್ಟು ಹೊತ್ತುಕೊಂಡು ಹೋಗುವುದು. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಟೈನ್ ಅಂತ ಒಂದು ನದಿ, ಅದರ ದಂಡೆಯಲ್ಲಿ ನ್ಯೂಕ್ಯಾಸಲ್ ಊರು. ಸುತ್ತಮುತ್ತ ಕಲ್ಲಿದ್ದಲು ಗಣಿಗಳು. ಅಲ್ಲಿಂದ ಹಡಗಿನಲ್ಲಿ ಸಮುದ್ರದ ಮೇಲೆ ಲಂಡನ್ನಿಗೆ ಕಲ್ಲಿದ್ದಲು ಹೋಗುತ್ತಿತ್ತು, ನೂರಾರು ವರ್ಷ ಹೋಯಿತು. ಸಮುದ್ರದ ಮೇಲೆ ಬರುತ್ತಿದ್ದ ಅದಕ್ಕೆ ಲಂಡನ್ ಜನ ‘ಸೀ ಕೋಲ್’ ಅನ್ನುತ್ತಿದ್ದರು. 1530ರಲ್ಲಿ, ಟೈನ್ ದಂಡೆಯ ಕಲ್ಲಿದ್ದಲು ಎಲ್ಲವೂ ನ್ಯೂಕ್ಯಾಸಲ್ ಧಕ್ಕೆಯಿಂದಲೇ ಹಡಗು ಹತ್ತಬೇಕು ಅಂತ ರಾಜಾಜ್ಞೆಯೇ ಆಯಿತು. ಅಂಥ ಊರಿಗೆ ಯಾರಾದರೂ ಒಂದು ಮೂಟೆ ಕಲ್ಲಿದ್ದಲು ಹೊತ್ತುಕೊಂಡು ಹೋದರೆ ನಗದೆ ಇರುತ್ತಾರಾ? 17ನೇ ಶತಮಾನದ ಹೊತ್ತಿಗೇ ಇದು ಗಾದೆ ಆಗಿಹೋಗಿತ್ತು.

ಉಚ್ಚಾರ ಒಂದು ಸರಿ ಮಾಡಿಕೊಳ್ಳಿ, ‘ನ್ಯೂಕ್ಯಾಸ್ಟಲ್’ ಅಲ್ಲ, ‘ನ್ಯೂಕ್ಯಾಸಲ್’. ನಡುವಿನ ‘ಟಿ’ ಬರೆಯೋಕೆ ಮಾತ್ರ, ಆಡೋಕೆ ಅಲ್ಲ. ಇಂಗ್ಲಿಷಿನಲ್ಲಿ ಇಂಥ ಕೂತು ತಿನ್ನುವ ಅಕ್ಷರಗಳು ಬಹಳ. ಇನ್ನೊಂದು, ‘ಕೋಲ್ಸ್’ ಅಂತ ಬಹುವಚನವೇ ಇರಬೇಕು. ಕಲ್ಲಿದ್ದಲಿಗೆ ಬಹುವಚನ ಯಾಕೆ ಅಂತ ತಿದ್ದಿದ ಹುಡುಗನಿಗೆ ನಾನೇ ಒಮ್ಮೆ ಮಾರ್ಕು ಕೊಟ್ಟಿದ್ದೆ, ಆಮೇಲೆ ನೋಡಿದರೆ ತಪ್ಪು ನನ್ನದೇ. ಹಳೆ ರೂಢಿ, ಹಾಗೇ ಉಳಿದಿದೆ.

ಬಳಸುವುದು ಎರಡು ಥರ. ಪೂರಾ ವಾಕ್ಯದಲ್ಲಿ ‘ಇಟ್ಸ್ ಲೈಕ್ ಕ್ಯಾರಿಯಿಂಗ್ ಕೋಲ್ಸ್ ಟು ನ್ಯೂಕ್ಯಾಸಲ್’ ಅನ್ನಬಹುದು. ಅಥವಾ ನಿಮ್ಮ ಹುಡುಗನ ಹಾಗೆ ಬಾಲ ಮಾತ್ರ ಹಿಡಿದು ‘ಕೋಲ್ಸ್ ಟು ನ್ಯೂಕ್ಯಾಸಲ್’ ಅಂದರೂ ನಡೆಯುತ್ತದೆ. ಪತ್ರಿಕೆಗಳು ವ್ಯಾಪಾರದ ಸುದ್ದಿಗೆ ಇದನ್ನು ಬಳಸುತ್ತವೆ. ಈಗಿನ ಹುಡುಗರ ಬಾಯಲ್ಲಿ ಕಡಿಮೆ. ಅದಕ್ಕೇ ನಿಮ್ಮ ಅಕ್ಕನ ಮಗನ ಮೇಲೆ ನನಗೆ ಪ್ರೀತಿ ಬಂತು.

ಎಚ್ಚರ ಇರಬೇಕಾದ ಜಾಗ ಒಂದಿದೆ. ಮಾತು ಬೈಗುಳ ಅಲ್ಲದಿದ್ದರೂ, ಹೊತ್ತುಕೊಂಡು ಬಂದವನ ಮುಖದ ಮುಂದೆ ಹೇಳಿದರೆ ‘ನೀನು ತಂದಿದ್ದು ಬೇಕಾಗಿರಲಿಲ್ಲ’ ಅಂದ ಹಾಗೆ ಆಗುತ್ತದೆ. ತಮ್ಮ ಕೆಲಸದ ಬಗ್ಗೆ ತಾವೇ ಹೇಳಿಕೊಂಡರೆ ವಿನಯ, ಬೇರೆಯವರ ಉಡುಗೊರೆಗೆ ಹೇಳಿದರೆ ಚುಚ್ಚು. ಬೀಗಿತ್ತಿಗೆ ಭಾಷೆ ತಿಳಿಯದಿದ್ದರೂ ಚುಚ್ಚಿದ್ದು ತಿಳಿದಿದೆ. ಹೆಂಗಸರ ಕಿವಿ ಅಷ್ಟು ಸೂಕ್ಷ್ಮ.

ಮಾನ್ವಿ ಹೈದ:

ಹೊಳೇಲಿ ಹುಣಸೆಹಣ್ಣು ತೊಳೆದಂಗ ಅಂತಾರಲ್ಲ, ಅದೇ ಅಲ್ವಾ ಇದು? ಇಷ್ಟುದ್ದ ಯಾಕೆ ಬರೀಬೇಕು ಮಾಸ್ತರೇ?

ಕುಷ್ಟಗಿ ಮಾಸ್ತರ:

ಅಲ್ಲಪ್ಪ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದರೆ ಕೈಗೆ ಏನೂ ಉಳಿಯೋದಿಲ್ಲ, ಹುಳಿಯೆಲ್ಲ ನೀರಲ್ಲಿ ಹೋಯಿತು. ಅದು ವ್ಯರ್ಥ ಆದ ಶ್ರಮ. ಇಲ್ಲಿ ಏನೂ ವ್ಯರ್ಥ ಆಗಿಲ್ಲ, 26 ಕೆಜಿ ಅಕ್ಕಿ 26 ಕೆಜಿಯೇ ಇದೆ, ಅನ್ನ ಮಾಡಿದರೆ ಅನ್ನವೇ ಆಗುತ್ತದೆ. ಇಲ್ಲಿನ ತಮಾಷೆ ಊರಿನದು. ಅದೇ ಚೀಲವನ್ನು ಅವರು ಮಡಿಕೇರಿಗೆ ಒಯ್ದಿದ್ದರೆ ಯಾರೂ ನಗುತ್ತಿರಲಿಲ್ಲ.

‘ಅಜ್ಜಿಗೆ ಕೆಮ್ಮು ಕಲಿಸಿದಂಗ’ ಅನ್ನುವುದೂ ಇದಲ್ಲ. ಅದು ಬಲ್ಲವರಿಗೆ ಪಾಠ ಹೇಳೋರಿಗೆ. ಕಲಿಸುವ ಮಾತು ಬಂದರೆ ಅಜ್ಜಿ, ಸಾಮಾನು ಹೊರುವ ಮಾತು ಬಂದರೆ ನ್ಯೂಕ್ಯಾಸಲ್ ಅಂತ ನೆನಪಿಟ್ಟುಕೋ. ‘ಸಮುದ್ರಕ್ಕೆ ನೀರು ಹೊತ್ತಂಗ’ ಅಂದರೆ ಬಹಳ ಹತ್ತಿರ ಬರುತ್ತದೆ. ಆದರೆ ಸಮುದ್ರಕ್ಕೆ ಊರ ಹೆಸರಿಲ್ಲ, ಅದಕ್ಕೇ ಸ್ವಲ್ಪ ಸಪ್ಪೆ. ಬೇರೆಯವರು ಊರು ಹಿಡಿದೇ ಹೇಳುತ್ತಾರೆ. ಗ್ರೀಕರು ‘ಅಥೆನ್ಸಿಗೆ ಗೂಬೆ’ ಅನ್ನುತ್ತಿದ್ದರು. ಅಲ್ಲಿನ ದೇವತೆಯ ಹಕ್ಕಿ ಗೂಬೆ, ಬೆಳ್ಳಿ ನಾಣ್ಯದ ಮೇಲೂ ಗೂಬೆ. ರಷ್ಯಾದವರು ‘ನಿನ್ನ ಸಮೋವಾರ್ ಹೊತ್ತು ತುಲಾಕ್ಕೆ ಹೋಗಬೇಡ’ ಅನ್ನುತ್ತಾರೆ. ಸಮೋವಾರ್ ಅಂದರೆ ಚಹಾಕ್ಕೆ ನೀರು ಕಾಯಿಸುವ ಹಿತ್ತಾಳೆ ಹಂಡೆ, ತುಲಾ ಅಂದರೆ ಅದನ್ನು ಮಾಡುವ ಊರು. ನಮ್ಮ ಕಿನ್ನಾಳಕ್ಕೆ ಮರದ ಗೊಂಬೆ ಒಯ್ದ ಹಾಗೆ.

ಮಾನ್ವಿ ಹೈದ:

ಹಂಗಾದ್ರೆ ಉರ್ದುದಲ್ಲಿ ‘ಉಲ್ಟೆ ಬಾಂಸ್ ಬರೇಲಿ ಕೋ’ ಅಂತಾರಲ್ಲ, ಅದು! ಬರೇಲಿಯಲ್ಲಿ ಬಿದಿರು ಜಾಸ್ತಿ, ಅಲ್ಲಿಗೇ ವಾಪಸ್ ಬಿದಿರು. ನಮ್ಮ ಓಣಿಯ ಟೇಲರ್ ಚಾಚಾ ದಿನಾ ಅಂತಿರ್ತಾರೆ, ನಾನು ಬರೇಲಿ ಅಂದ್ರೆ ಯಾರೋ ಹೆಂಗಸು ಅನ್ಕೊಂಡಿದ್ದೆ.

ಶಕ್ತಿನಗರ ಕ್ವಾರ್ಟರ್ಸ್:

ಮಾನ್ವಿ ತಮ್ಮ, ನಗಿಸಿ ಸಾಯಿಸ್ತೀಯ.

ನಾನು ರಾಯಚೂರಿನವನು, ಹುಟ್ಟಿದ್ದು ಬೆಳೆದಿದ್ದು ಶಕ್ತಿನಗರದಲ್ಲಿ. ಇಲ್ಲಿನ ಕಲ್ಲಿದ್ದಲು ವಿದ್ಯುತ್ ಕಾರ್ಖಾನೆಯ ಮೊದಲ ಯುನಿಟ್ ಶುರುವಾಗಿದ್ದು 1985ರಲ್ಲಿ, ನಮ್ಮಪ್ಪ ಆಗಲೇ ಕೆಲಸಕ್ಕೆ ಸೇರಿದ್ದರು. ಈ ಗಾದೆಯನ್ನು ನಾನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ, ಆದರೆ ನನ್ನ ತಲೆಗೆ ಹೋಗಿರಲಿಲ್ಲ. ಯಾಕೆ ಗೊತ್ತಾ? ನಮ್ಮೂರಿಗೆ ದಿನಾ ಬರೋದೇ ಕಲ್ಲಿದ್ದಲು! ಇಲ್ಲಿ ಒಂದು ಹಿಡಿ ಕಲ್ಲಿದ್ದಲೂ ನೆಲದಲ್ಲಿ ಸಿಗಲ್ಲ. ಸಿಂಗರೇಣಿಯಿಂದ, ಒಡಿಶಾ ಕಡೆಯಿಂದ ರೈಲಿನಲ್ಲಿ ಬರಬೇಕು. ಎಂಟೂ ಯುನಿಟ್ ಓಡಿದರೆ 1720 ಮೆಗಾವ್ಯಾಟ್, ಅದಕ್ಕೆ ದಿನಕ್ಕೆ ಏಳೆಂಟು ರೇಕು, ಅಂದ್ರೆ ಏಳೆಂಟು ಪೂರಾ ಗೂಡ್ಸ್ ರೈಲು ಬೇಕು. ಚಿಕ್ಕವನಿದ್ದಾಗ ವ್ಯಾಗನ್ ಟಿಪ್ಲರ್ ನೋಡೋಕೆ ಅಪ್ಪನ ಜೊತೆ ಹೋಗಿದ್ದೆ. ಸುಮಾರು 60 ಟನ್ ತುಂಬಿದ ಡಬ್ಬಿಯನ್ನು ಹಳಿಯ ಸಮೇತ ತಬ್ಬಿ ಹಿಡಿದು, ನಾವು ಚೊಂಬು ಬಗ್ಗಿಸಿದ ಹಾಗೆ ಮಗುಚಿಬಿಡುತ್ತದೆ. ಒಂದು ಗಳಿಗೆ ಸದ್ದೇ ಇರಲ್ಲ, ಆಮೇಲೆ ನೆಲ ಅದುರುತ್ತದೆ, ಕರೀ ಧೂಳು ಏಳುತ್ತದೆ.

ಅದಕ್ಕೇ ಮೇಷ್ಟ್ರು ‘ಕಲ್ಲಿದ್ದಲಿರುವ ಊರಿಗೆ ಕಲ್ಲಿದ್ದಲು ಒಯ್ಯೋನು ದಡ್ಡ’ ಅಂದಾಗ, ನಾನು ಎದ್ದು ನಿಂತು “ಸರ್, ನಮ್ಮಲ್ಲಿ ಬರದಿದ್ರೆ ಕರೆಂಟೇ ಹೋಗುತ್ತೆ” ಅಂದಿದ್ದೆ. ಬೆಂಚಿನ ಮೇಲೆ ನಿಂತುಕೊಂಡೆ.

ಈಗ ನನಗೆ ಅನ್ನಿಸೋದು, ಒಂದು ವಸ್ತು ಒಂದು ಊರಲ್ಲಿ ರಾಶಿ ಬಿದ್ದಿದ್ದರೆ ಸಾಲದು. ಅದು ಅಲ್ಲೇ ಹುಟ್ಟಬೇಕು, ಹೊರಗೆ ಹೋಗಬೇಕು, ಆಗಲೇ ಗಾದೆ ಕೂರುತ್ತದೆ. ನಮ್ಮ ಊರಿಗೆ ಹೇಳಬೇಕಾದರೆ ‘ಶಕ್ತಿನಗರಕ್ಕೆ ಬೂದಿ ಒಯ್ದಂಗೆ’ ಅನ್ನಬೇಕು. ನಮ್ಮ ದೇಶದ ಕಲ್ಲಿದ್ದಲು ನೂರು ಕೆಜಿ ಸುಟ್ಟರೆ ಮೂವತ್ತು ನಲವತ್ತು ಕೆಜಿ ಬೂದಿ ಉಳಿಯುತ್ತದೆ. ಸಿಮೆಂಟಿಗೆ, ಇಟ್ಟಿಗೆಗೆ ಲಾರಿ ಲಾರಿ ಹೋಗುತ್ತದೆ. ಪಾತ್ರೆ ತಿಕ್ಕೋಕೆ ಬೂದಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರೆ ಅದು ನ್ಯೂಕ್ಯಾಸಲ್.

ಅದೇ ಲೆಕ್ಕದಲ್ಲಿ ‘ಹಟ್ಟಿಗೆ ಚಿನ್ನ’ ಅನ್ನೋದೂ ತಪ್ಪು. ಹಟ್ಟಿಯಲ್ಲಿ ಚಿನ್ನದ ಗಣಿ ಇದೆ ನಿಜ, ಆದರೆ ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗೋದು ನಾಲ್ಕಾರು ಗ್ರಾಂ ಚಿನ್ನ. ಅಲ್ಲಿನ ಹೆಣ್ಣುಮಕ್ಕಳೂ ಎಲ್ಲರ ಹಾಗೆ ಅಂಗಡಿಗೆ ಹೋಗಿ, ಅದೇ ರೇಟು ಕೊಟ್ಟು ತಗೋಬೇಕು. ಯಾರಾದರೂ ಹಟ್ಟಿಗೆ ಚಿನ್ನ ಒಯ್ದು ಕೊಟ್ಟರೆ ಯಾವ ಬೀಗಿತ್ತಿಯೂ ಗಾದೆ ಹೇಳಲ್ಲ, ಕುತ್ತಿಗೆ ಮುಂದೆ ಚಾಚುತ್ತಾಳೆ.

ರಾಯಚೂರಿಗೆ ಬಿಸಿಲು ಅಂದರೆ ಸರಿಹೋಗುತ್ತದಾ ಮಾಸ್ತರೇ?

ಕುಷ್ಟಗಿ ಮಾಸ್ತರ:

ಪಕ್ಕಾ ಸರಿ. ಹುಟ್ಟೋದೂ ಅಲ್ಲೇ, ಹೊರಗೆ ಹೋಗೋದೂ ಅಲ್ಲಿಂದಲೇ. ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರ ಪರವಾಗಿ ನಾನು ತಪ್ಪಾಯ್ತು ಅಂತೀನಿ, ನಿನ್ನ ಪ್ರಶ್ನೆ ಸರಿಯಾಗೇ ಇತ್ತು.

ಕೌಲ್ ಬಜಾರ್ ಹುಡುಗಿ:

ಎಲ್ಲರಿಗೂ ನಮಸ್ತೆ. ಓದ್ತಾ ಓದ್ತಾ ನಗು ತಡೆಯೋಕೆ ಆಗಲಿಲ್ಲ, ಯಾಕಂದ್ರೆ ನಾನು ಈಗ ಬರೀತಾ ಇರೋದೇ ಆ ನ್ಯೂಕ್ಯಾಸಲ್ ಎದುರು ದಂಡೆಯಿಂದ. ಊರು ಬಳ್ಳಾರಿ, ಇಲ್ಲಿ ನರ್ಸ್ ಕೆಲಸ. ಟೈನ್ ನದಿಯ ಆ ಕಡೆ ನ್ಯೂಕ್ಯಾಸಲ್, ಈ ಕಡೆ ಗೇಟ್ಸ್‌ಹೆಡ್, ನಮ್ಮದು ಈ ಕಡೆ.

ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಕಲ್ಲಿದ್ದಲು ಎಲ್ಲಿದೆ ಅಂತ ಕುತೂಹಲ. ಸಂಡೂರಿನ ರಸ್ತೆಯಲ್ಲಿ ಓಡಾಡಿದವಳು ನಾನು, ಗಣಿ ಊರು ಅಂದ್ರೆ ಗಿಡ, ಮನೆ, ಬಸ್ಸು ಎಲ್ಲಾ ಒಂದೇ ಬಣ್ಣ ಆಗಿರಬೇಕು ಅಂತ ನನ್ನ ಲೆಕ್ಕ. ಇಲ್ಲಿ ನೋಡಿದ್ರೆ ಹಸಿರು ಹುಲ್ಲು, ಮೋಡ, ಮಳೆ. ಕಲ್ಲಿದ್ದಲು ಒಂದು ಚೂರೂ ಇಲ್ಲ. ಎಲ್ಲಾ ಗಣಿ ಮುಚ್ಚಿವೆ. ಈ ಸೀಮೆಯ ಕೊನೆಯ ಆಳದ ಗಣಿ ಎಲ್ಲಿಂಗ್ಟನ್ ಅಂತ, 2005ರಲ್ಲಿ ಮುಚ್ಚಿತು. ಈಗ ಗಣಿ ನೋಡಬೇಕಂದ್ರೆ ಬೀಮಿಷ್ ಅನ್ನೋ ಬಯಲು ಮ್ಯೂಸಿಯಂಗೆ ಹೋಗಿ ಟಿಕೆಟ್ ತಗೊಂಡು, ತಲೆಗೆ ಟೋಪಿ ಹಾಕ್ಕೊಂಡು, ಬಗ್ಗಿ ಬಗ್ಗಿ ಹೋಗಬೇಕು. ನಾನು ಹೋಗಿದ್ದೆ, ಸೊಂಟ ಹಿಡ್ಕೊಂಡಿತು.

ನಾನು ವಾಕಿಂಗ್ ಹೋಗೋ ದಾರೀಲಿ ಡನ್‌ಸ್ಟನ್ ಸ್ಟೈತ್ಸ್ ಅಂತ ಒಂದು ಭಾರೀ ಮರದ ಕಟ್ಟೆ ಇದೆ. 1893ರದ್ದು. ನದಿಯ ಒಳಗೇ ನಿಂತಿರೋ ತೊಲೆಗಳ ಕಾಡು ಅನ್ನಿ. ಕಲ್ಲಿದ್ದಲಿನ ರೈಲು ಡಬ್ಬಿಗಳು ಅದರ ಮೇಲೆ ಬಂದು ನಿಲ್ತಿದ್ದವು, ಕೆಳಗೆ ಹಡಗು, ಮೇಲಿಂದ ಜಾರುಗಾಲುವೆಯಲ್ಲಿ ಸುರಿಯೋದು. 1980ರಲ್ಲಿ ನಿಂತುಹೋಯ್ತು. ಈಗ ಅದರ ಮೇಲೆ ಹಕ್ಕಿ ಕೂರ್ತಾವೆ, ಕೆಸರಲ್ಲಿ ನೀರು ಇಳಿದಾಗ ತೊಲೆಗಳ ಕಾಲು ಕಪ್ಪಗೆ ಕಾಣ್ತವೆ. ಅಂದ ಹಾಗೆ ರೈಲಿನ ಸ್ಟೀಫನ್‌ಸನ್ ಇದ್ದಾರಲ್ಲ, ಅವರು ಹುಟ್ಟಿದ್ದೂ ಇಲ್ಲೇ ಪಕ್ಕದ ವೈಲಂನಲ್ಲಿ, 1781ರಲ್ಲಿ. ಶುರುವಿನ ರೈಲು ಎಂಜಿನ್‌ಗಳು ಎಳೆದಿದ್ದು ಜನರನ್ನಲ್ಲ, ಗಣಿಯ ಕಲ್ಲಿದ್ದಲನ್ನೇ.

ಈಗ ತಮಾಷೆ ಕೇಳಿ. ಇಲ್ಲಿನ ಗಣಿ ಮುಚ್ಚಿದ ಮೇಲೆ ಇದೇ ಟೈನ್ ಬಂದರಿಗೆ ಹೊರದೇಶದ ಕಲ್ಲಿದ್ದಲು ಹಡಗಲ್ಲಿ ಬಂದು ಇಳೀತಿತ್ತಂತೆ, ವಿದ್ಯುತ್ ಕಾರ್ಖಾನೆಗಳಿಗೆ. ಗಾದೆ ನಿಜವಾಗೇ ನಡೆದುಹೋಯ್ತು, ಯಾರೂ ನಗಲಿಲ್ಲ! ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದರು, ಹಳೇ ಗಣಿ ಕೆಲಸದವರು, ಅವರ ಹತ್ರ ಈ ಗಾದೆ ಎತ್ತಿದೆ. “ಅದು ನಗೋ ಮಾತಾಗಿತ್ತು ಕಣಮ್ಮ” ಅನ್ನೋ ಥರ ಒಂದು ಮಾತು ಹೇಳಿ ಕಿಟಕಿ ಕಡೆ ತಿರುಗಿಬಿಟ್ಟರು. ಆಮೇಲೆ ನಾನು ಇಲ್ಲಿನವರ ಮುಂದೆ ಇದನ್ನ ಜಾಸ್ತಿ ಹೇಳಲ್ಲ. 2024ರ ಸೆಪ್ಟೆಂಬರ್ ಕೊನೆಗೆ ಈ ದೇಶದ ಕೊನೆಯ ಕಲ್ಲಿದ್ದಲು ವಿದ್ಯುತ್ ಕಾರ್ಖಾನೆಯೂ ನಿಂತಿತು.

ನಮ್ಮ ಬಳ್ಳಾರೀಲೂ ಹಂಗೇ ಆಗಿತ್ತಲ್ವಾ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮ ಚಿಗಪ್ಪನ ಎರಡು ಲಾರಿ ಮನೆ ಮುಂದೆ ನಿಂತವು. ಟೈರಿನ ಕೆಳಗೆ ಹುಲ್ಲು ಬೆಳೀತು. ಅದಕ್ಕೆ ಹಿಂದಿನ ವರ್ಷ ಯಾರಾದರೂ ‘ಬಳ್ಳಾರಿಗೆ ಅದಿರು ತಂದೆ’ ಅಂದಿದ್ರೆ ನಕ್ಕು ಸಾಯ್ತಿದ್ದರು, ಆ ವರ್ಷ ಅಂದಿದ್ರೆ ಚಿಗಪ್ಪ ಅವನಿಗೆ ಊಟ ಹಾಕ್ತಿದ್ದ.

ಬಳ್ಳಾರಿ ಜೀನ್ಸ್:

ಅಕ್ಕ ಬರೆದಿದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇರಲಿ, ನನ್ನದೂ ಒಂದು ಸೇರಿಸ್ತೀನಿ. ‘ಬಳ್ಳಾರಿಗೆ ಜೀನ್ಸ್ ಪ್ಯಾಂಟು’ ಅಂದ್ರೆ ಗಾದೆ ಸರಿ, ಆದರೆ ‘ಬಳ್ಳಾರಿಗೆ ಡೆನಿಮ್ ಬಟ್ಟೆ’ ಅಂದ್ರೆ ತಪ್ಪು. ಥಾನು ಹೊರಗಿಂದಲೇ ಬರಬೇಕು, ನಮ್ಮದು ಕಟಿಂಗು, ಹೊಲಿಗೆ, ವಾಷಿಂಗು. ಶಕ್ತಿನಗರದ ಅಣ್ಣ ಹೇಳಿದ ಹಾಗೆ, ಏನು ಬರುತ್ತೆ ಏನು ಹೋಗುತ್ತೆ ನೋಡ್ಕೊಂಡು ಹೇಳಬೇಕು. ಮತ್ತೆ ಒಂದು ಡೌಟು. ಎಸ್ಕಿಮೋಗೆ ಐಸ್ ಮಾರೋದು ಅಂತ ನಮ್ಮ ಸೇಲ್ಸ್ ಮೀಟಿಂಗಲ್ಲಿ ಹೇಳ್ತಾರೆ. ಅದೂ ಇದೂ ಒಂದೇನಾ?

ಕುಷ್ಟಗಿ ಮಾಸ್ತರ:

ಒಳ್ಳೆ ಪ್ರಶ್ನೆ. ಹೊರಗಿನಿಂದ ನೋಡಿದರೆ ಒಂದೇ ಥರ, ಒಳಗೆ ಉಲ್ಟಾ. ಎಸ್ಕಿಮೋಗೆ ಐಸ್ ಮಾರುವವನು ಜಾಣ, ಬೇಡದ್ದನ್ನೂ ಮಾರಿ ದುಡ್ಡು ಎಣಿಸಿಕೊಂಡು ಬರುತ್ತಾನೆ. ಅದು ಹೊಗಳಿಕೆ. ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಹೊತ್ತವನು ಬೆನ್ನು ನೋಯಿಸಿಕೊಂಡು ಬರುತ್ತಾನೆ. ಎಸ್ಕಿಮೋ ಅನ್ನುವ ಹೆಸರನ್ನು ಆ ಜನರಲ್ಲಿ ಬಹಳ ಮಂದಿ ಇಷ್ಟಪಡುವುದಿಲ್ಲ, ಹಾಗಾಗಿ ಅದನ್ನು ಬಿಟ್ಟರೂ ನಷ್ಟ ಇಲ್ಲ.

ಹೊತ್ತವನೇ ಗೆದ್ದ ಕಥೆಯೂ ಒಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಟಿಮೊತಿ ಡೆಕ್ಸ್ಟರ್ ಅಂತ ಒಬ್ಬ ವಿಚಿತ್ರ ವ್ಯಾಪಾರಿ ಇದ್ದ, 18ನೇ ಶತಮಾನದವನು. ಯಾರೋ ಅವನನ್ನು ಮುಳುಗಿಸಲಿ ಅಂತಲೇ ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಕಳಿಸು ಅಂದರಂತೆ. ಇವನು ನಿಜವಾಗಿಯೂ ಹಡಗು ತುಂಬಿ ಕಳಿಸಿದನಂತೆ. ಹಡಗು ಮುಟ್ಟುವ ಹೊತ್ತಿಗೆ ಅಲ್ಲಿ ಗಣಿ ಕೆಲಸಗಾರರ ಮುಷ್ಕರ. ಒಳ್ಳೆ ರೇಟಿಗೆ ಮಾರಿಹೋಯಿತಂತೆ. ಇಷ್ಟು ಸಲ ‘ಅಂತೆ’ ಅಂದಿದ್ದು ಬೇಕಂತಲೇ. ಡೆಕ್ಸ್ಟರ್ ಇದ್ದಿದ್ದು ನಿಜ, ಕಥೆಗೆ ಉಪ್ಪುಖಾರ ಹಚ್ಚಿರಬಹುದು.

ಗಂಗಾವತಿ ಗುಮಾಸ್ತ:

ಎಲ್ಲರಿಗೂ ಶರಣು. ಇಷ್ಟು ಜನ ಬರೀತಾರೆ ಅಂತ ಅಂದುಕೊಂಡಿರಲಿಲ್ಲ. ಈಗ ನಡೆದಿದ್ದು ಕೇಳಿ.

ಇವತ್ತು ಬೆಳಗ್ಗೆ ಇದನ್ನೆಲ್ಲ ಓದಿ, ಮಾಸ್ತರು ಹೇಳಿದ ಹಾಗೆ ಬೀಗಿತ್ತಿಯ ಮನಸ್ಸು ನೋವಾಗಿದ್ದರೆ ಸರಿ ಮಾಡಬೇಕು ಅಂತ, ಅವರು ತಂದ ಅಕ್ಕಿಯಲ್ಲೇ ಇವತ್ತಿನ ಅಡುಗೆ ಆಗಲಿ ಅಂದೆ. ಚೀಲ ಬಿಚ್ಚೋಕೆ ಕೂತೆ. ಮಿಲ್ ಚೀಲ ಬಿಚ್ಚೋದು ಒಂದು ಕಲೆ. ಹೊಲಿಗೆಗೆ ಎರಡು ತುದಿ ಇರುತ್ತವೆ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರಂತ ಒಂದೇ ಏಟಿಗೆ ದಾರ ಬಿಚ್ಚಿಕೊಂಡು ಬರುತ್ತದೆ. ತಪ್ಪು ತುದಿ ಎಳೆದರೆ ಗಂಟು ಬಿದ್ದು ಕತ್ತರಿಯೇ ಗತಿ. ನಾನು ತುದಿ ಹುಡುಕುತ್ತಾ ಚೀಲ ತಿರುಗಿಸಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಮಿಲ್‌ನ ಹೆಸರು, ವಿಳಾಸ. ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ.

ಗಂಗಾವತಿ.

ನಮ್ಮ ಮಿಲ್ ಅಲ್ಲ, ಆದರೆ ನಮ್ಮ ಮಿಲ್‌ನಿಂದ ಅರ್ಧ ಗಂಟೆ ನಡೆದರೆ ಸಿಗುತ್ತದೆ. ಇಲ್ಲಿಂದ ಲಾರಿಯಲ್ಲಿ ಮೈಸೂರಿಗೆ ಹೋಗಿ, ಅಲ್ಲಿ ಅಂಗಡಿಯಲ್ಲಿ ಕೂತು, ಬೀಗರ ಕೈಗೆ ಸಿಕ್ಕು, ಹಂಪಿ ಎಕ್ಸ್‌ಪ್ರೆಸ್‌ನ ಸೀಟಿನ ಕೆಳಗೆ ಮಲಗಿ ವಾಪಸ್ ಬಂದಿದೆ. ಕೋಲ್ಸ್ ಟು ನ್ಯೂಕ್ಯಾಸಲ್ ಅಂದರೆ ಇದಪ್ಪ! ಆ ಹುಡುಗನಿಗೆ ತಾನು ಎಷ್ಟು ಸರಿ ಹೇಳಿದೆ ಅನ್ನೋದು ಗೊತ್ತೇ ಇರಲಿಲ್ಲ.

ಹೇಳಬೇಕೋ ಬಿಡಬೇಕೋ ಅಂತ ಸ್ವಲ್ಪ ಹೊತ್ತು ಕೂತೆ. ಮುಚ್ಚಿಡೋಕೆ ಆಗಲಿಲ್ಲ. ಬೀಗರನ್ನು ಕರೆದು ತೋರಿಸಿದೆ. ಅವರು ಓದಿ ಬಿದ್ದು 
ಬಿದ್ದು ನಕ್ಕರು. ಬೀಗಿತ್ತಿ ಬಂದರು, ಏನಾಯ್ತು ಅಂದರು. ಆಗ ನಾನೇ ಆ ಇಂಗ್ಲಿಷ್ ಗಾದೆ, ಕಲ್ಲಿದ್ದಲು, ಊರು ಎಲ್ಲಾ ಬಿಡಿಸಿ ಹೇಳಿದೆ. ಉಚ್ಚಾರವನ್ನೂ ಸರಿಯಾಗೇ ಮಾಡಿದೆ ಮಾಸ್ತರೇ. ಅವರು ಕೇಳಿಸಿಕೊಂಡು, ಒಳಗೆ ತೊಟ್ಟಿಲಿನ ಹತ್ತಿರ ಕೂತಿದ್ದ ನನ್ನ ಮಗಳ ಕಡೆ ಒಂದು ಸಲ ನೋಡಿ, “ಹಂಗಾದ್ರೆ ಅಕ್ಕಿನೂ ತವರಿಗೆ ಬಂದಿದೆ ಅನ್ನಿ” ಅಂದರು.

ಕೌಲ್ ಬಜಾರ್ ಹುಡುಗಿ:

ಅಯ್ಯೋ! ಗಾದೆ ಸಿಕ್ತು ಬಿಡಿ ಕಾಕಾ. ‘ಅಕ್ಕಿ ತವರಿಗೆ ಬಂತು’. ಚುಚ್ಚೋದೇ ಇಲ್ಲ ಇದ್ರಲ್ಲಿ. ಇಲ್ಲಿ ಕೂತ್ಕೊಂಡು ಇದನ್ನ ಓದಿದ ನನಗೆ ಕಣ್ಣು ಮಂಜಾಯ್ತು, ನೈಟ್ ಡ್ಯೂಟಿಗೆ ಹೊರಟಿದ್ದೆ.

ಮಾನ್ವಿ ಹೈದ:

ದಾಸರ ಪದದಲ್ಲಿ ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಅಂತ ಬರುತ್ತಲ್ಲ, ನಮ್ಮ ಅಜ್ಜಿ ಹಾಡ್ತಾರೆ. ಇದೂ ಹಂಗೇ ಅಲ್ವಾ ಮಾಸ್ತರೇ? ಈ ಸಲನಾದ್ರೂ ಹೌದು ಅನ್ರಿ.

ಕುಷ್ಟಗಿ ಮಾಸ್ತರ:

ಅರ್ಧ ಹೌದು. ನೀರು ಅಲ್ಲಿಂದ ಬಂದು ಅಲ್ಲಿಗೇ ಹೋಗೋದು ಒಂದೇ ಥರ. ಆದರೆ ಪುರಂದರದಾಸರು ನಗೋಕೆ ಹೇಳಿದ್ದಲ್ಲ. ಅವನದನ್ನೇ ಅವನಿಗೆ ಅರ್ಪಿಸಿ ವರ ಪಡೆದರು ಅಂತ ಭಕ್ತಿಗೆ ಹೇಳಿದ್ದು. ಇಂಗ್ಲಿಷಿನವನು ಅದೇ ಕೆಲಸ ನೋಡಿ ದಡ್ಡತನ ಅಂದ, ದಾಸರು ಪೂಜೆ ಅಂದರು. ಗುಮಾಸ್ತರ ಬೀಗಿತ್ತಿ ಎರಡರ ನಡುವೆ ಎಲ್ಲೋ ನಿಂತು ತವರು ಅಂದರು. ನಾನಾದರೆ ಹತ್ತಕ್ಕೆ ಹತ್ತು ಅವರಿಗೇ ಕೊಡುತ್ತೇನೆ.

ಶಕ್ತಿನಗರ ಕ್ವಾರ್ಟರ್ಸ್:

ತವರಿಗೆ ಬಂದವಳನ್ನ ಬರಿಗೈಲಿ ಕಳಿಸಬಾರದು ಗುಮಾಸ್ತರೇ. ಶನಿವಾರ ಬೀಗರಿಗೆ ಏನು ಕಟ್ಟಿಕೊಡ್ತೀರಿ?

ಮತ್ತೆ ಒಂದು ಕೇಳಬೇಕಿತ್ತು, ಈ ಚೀಲ ಯಾಕೆ 26 ಕೆಜಿ? ಮೊದಲು 25 ಇರ್ತಿತ್ತಲ್ಲ.

ಗಂಗಾವತಿ ಗುಮಾಸ್ತ:

ಅದು ಜಿಎಸ್‌ಟಿ ಲೆಕ್ಕ. 2022ರ ಜುಲೈನಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 5% ತೆರಿಗೆ ಬಂತು. ಒಂದು ಕೆಜಿ ಜಾಸ್ತಿ ತುಂಬಿದರೆ ತೆರಿಗೆ ಇಲ್ಲ. ಅಳಿಯನ ಹೆಗಲಿಗೆ ಆ ಒಂದು ಕೆಜಿ ಭಾರ ಸರ್ಕಾರದ ಕೊಡುಗೆ.

ಬೀಗರಿಗೆ ಏನು ಕೊಡೋದು ಅಂತ ನಾನೂ ನನ್ನ ಹೆಂಡತಿಯೂ ಮಾತಾಡ್ತಾ ಇದ್ದೇವೆ. ಅವಳು ಕಿನ್ನಾಳ ಗೊಂಬೆ ಅಂತಾಳೆ, ಮಗುವಿಗೂ ಆಗುತ್ತದೆ. ಬೀಗರು ಮಾತ್ರ ಊಟ ಮಾಡುವಾಗ “ಅನ್ನ ಚೆನ್ನಾಗಿದೆ, ಇದೇ ಮಿಲ್ಲಿನ ಒಂದು ಚೀಲ ಸಿಗುತ್ತಾ ಇಲ್ಲಿ? ಮೈಸೂರಿಗಿಂತ ರೇಟು ಕಡಿಮೆ ಇರಬೇಕಲ್ವಾ” ಅಂದರು. ಅಳಿಯ ಅನ್ನ ಕಲಸೋದು ನಿಲ್ಲಿಸಿ ನನ್ನ ಮುಖ ನೋಡಿದ.